ಅಡುಗೆಮನೆಗೆ ಹೊಸ ಯಂತ್ರ, ಹೊರಗೋಡೆಯಲ್ಲಿ ಹೊಸ ವಯರ್

ಮುಂಬಯಿ ಉಪನಗರಗಳ ಹಳೆಯ ಕಟ್ಟಡಗಳಲ್ಲಿ ಮೂವತ್ತು ನಲ್ವತ್ತು ವರ್ಷಗಳ ಹಿಂದೆ ಮನೆ ಮಾಡಿಕೊಂಡ ನಮ್ಮವರ ಅಡುಗೆಮನೆಯನ್ನು ಒಮ್ಮೆ ನೋಡಬೇಕು. ಕಟ್ಟೆಯ ಮೇಲೆ ಮಿಕ್ಸರ್, ಮೂಲೆಯಲ್ಲಿ ದೋಸೆ ಹಿಟ್ಟಿನ ವೆಟ್ ಗ್ರೈಂಡರ್, ಪಕ್ಕದಲ್ಲಿ ಫ್ರಿಜ್, ಮಗ ತಂದುಕೊಟ್ಟ ಮೈಕ್ರೋವೇವ್, ಈಚೆಗೆ ಬಂದ ಇಂಡಕ್ಷನ್ ಒಲೆ. ಗೋಡೆಯಲ್ಲಿರುವ ಪಾಯಿಂಟ್ ಮಾತ್ರ ಒಂದೋ ಎರಡೋ. ಫ್ಲ್ಯಾಟ್ ಕಟ್ಟಿದ ಕಾಲಕ್ಕೆ ಅಡುಗೆಮನೆಗೆ ಒಂದು ಟ್ಯೂಬ್‌ಲೈಟ್, ಒಂದು ಮಿಕ್ಸರ್, ಹೆಚ್ಚೆಂದರೆ ಒಂದು ಫ್ರಿಜ್ ಇದ್ದರೆ ಅದೇ ದೊಡ್ಡ ಮಾತಾಗಿತ್ತು. ಆಮೇಲೆ ಬಂದ ಭಾರವನ್ನೆಲ್ಲ ಎಕ್ಸ್‌ಟೆನ್ಶನ್ ಬೋರ್ಡ್ ಒಂದೇ ಹೊತ್ತುಕೊಂಡಿದೆ.

ಚೌತಿಯಂದೋ ಅಷ್ಟಮಿಯಂದೋ ಮನೆ ತುಂಬ ನೆಂಟರಿರುವಾಗ ಎಲ್ಲ ಯಂತ್ರಗಳೂ ಒಟ್ಟಿಗೆ ಓಡುತ್ತವೆ. ಕರೆಂಟ್ ಹೋಗುತ್ತದೆ. ವಾಚ್‌ಮನ್ ಯಾರನ್ನೋ ಕರೆತರುತ್ತಾನೆ. ಆತ ಸುಟ್ಟ ಫ್ಯೂಸ್ ತಂತಿಯ ಜಾಗಕ್ಕೆ ಸ್ವಲ್ಪ ದಪ್ಪ ತಂತಿ ಸುತ್ತುತ್ತಾನೆ, ಅಥವಾ 10 ಆಂಪಿಯರ್ ಎಂಸಿಬಿ ತೆಗೆದು 20ರದ್ದು ಹಾಕುತ್ತಾನೆ. 'ಇನ್ನು ಬೀಳುವುದಿಲ್ಲ ಆಂಟಿ' ಎಂದು ಕೈ ಒರೆಸಿಕೊಂಡು ಹೋಗುತ್ತಾನೆ. ಅವನ ಮಾತು ನಿಜವೇ. ಎಂಸಿಬಿ ಬೀಳುವುದಿಲ್ಲ, ಬದಲಿಗೆ ಗೋಡೆಯೊಳಗಿನ ವಯರ್ ಕಾಯತೊಡಗುತ್ತದೆ. ಮನೆಗೆ ಅಪಾಯ ಕಾಲಿಡುವುದು ಆ ದಿನವೇ.

ಲೆಕ್ಕ ಹೇಳುವ ಸತ್ಯ

ವಿದ್ಯುತ್ತಿನ ಲೆಕ್ಕ ಬಹಳ ಸರಳ. ಯಂತ್ರದ ಮೇಲೆ ಬರೆದ ವ್ಯಾಟ್ ಸಂಖ್ಯೆಯನ್ನು ನಮ್ಮ 230 ವೋಲ್ಟಿನಿಂದ ಭಾಗಿಸಿದರೆ ಎಷ್ಟು ಆಂಪಿಯರ್ ಎಂಬುದು ಸಿಗುತ್ತದೆ. 2000 ವ್ಯಾಟಿನ ಇಂಡಕ್ಷನ್ ಒಲೆಯೊಂದೇ ಸುಮಾರು 9 ಆಂಪಿಯರ್ ಎಳೆಯುತ್ತದೆ. ಅದರ ಜೊತೆಗೆ ಮೈಕ್ರೋವೇವಿಗೆ 1200, ಮಿಕ್ಸರಿಗೆ 750, ಫ್ರಿಜ್ಜಿಗೆ 200 ಎಂದು ಹಿಡಿದು ಕೂಡಿಸಿದರೆ 4150 ವ್ಯಾಟ್, ಅಂದರೆ 18 ಆಂಪಿಯರ್ ಆಯಿತು. ಸಾಮಾನ್ಯ ಚಿಕ್ಕ ಸಾಕೆಟ್ ತಾಳುವುದು 6 ಆಂಪಿಯರ್. ದೊಡ್ಡ ಪವರ್ ಸಾಕೆಟ್ ಕೂಡ ತಾಳುವುದು 16 ಮಾತ್ರ.

ವಯರಿನ ಬಿಸಿಯೂ ಹರಿಯುವ ಕರೆಂಟಿಗೆ ಸಮನಾಗಿ ಏರುವುದಿಲ್ಲ. ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು. ಚಕ್ರಬಡ್ಡಿಯ ಸಾಲದಂತೆ, ಆರಂಭದಲ್ಲಿ ಗೊತ್ತಾಗದೆ ಬೆಳೆಯುವ ಬಾಬ್ತು ಇದು. ಹಳೆಯ ಕಟ್ಟಡಗಳಲ್ಲಿ ಇನ್ನೂ ಅಲ್ಯೂಮಿನಿಯಂ ವಯರ್ ಉಳಿದಿದ್ದರೆ ಚಿಂತೆ ಇನ್ನಷ್ಟು. ವರ್ಷ ಕಳೆದಂತೆ ಅದರ ಜೋಡಣೆಗಳು ಸಡಿಲವಾಗಿ, ಮೇಲೆ ಕಿಲುಬು ಕಟ್ಟಿ, ಆ ಜಾಗದಲ್ಲೇ ಬಿಸಿ ಹುಟ್ಟುತ್ತದೆ. ಸ್ವಿಚ್‌ಬೋರ್ಡಿನ ಸುತ್ತ ಗೋಡೆ ಕಂದಾಗುವುದು, ಪ್ಲಗ್ ಮುಟ್ಟಿದರೆ ಬಿಸಿಯಾಗಿರುವುದು, ಸುಟ್ಟ ವಾಸನೆ ಬರುವುದು ಇದರ ಮುನ್ಸೂಚನೆ.

ಇದಕ್ಕೆ ಪರಿಹಾರವೆಂದರೆ ದೊಡ್ಡ ಯಂತ್ರಕ್ಕೆ ಪ್ರತ್ಯೇಕ ಸರ್ಕ್ಯೂಟ್. ಮನೆಯ ಮುಖ್ಯ ಎಂಸಿಬಿ ಪೆಟ್ಟಿಗೆಯಿಂದ ಹೊರಟು, ನಡುವೆ ಎಲ್ಲಿಯೂ ಕವಲೊಡೆಯದೆ, ತನ್ನದೇ ಎಂಸಿಬಿ ಹೊಂದಿ, ನೇರವಾಗಿ ಆ ಒಂದು ಸಾಕೆಟಿಗೆ ಬರುವ ವಯರ್.

ಹೊರಗೋಡೆಯೇ ಯಾಕೆ?

ಅಡುಗೆಮನೆಯ ಟೈಲ್ಸ್ ಒಡೆದು ಹೊಸ ಪೈಪ್ ಹೂಳುವುದು ಖರ್ಚಿನ ಕೆಲಸ. ಹಳೆಯ ಪೈಪಿನೊಳಗೆ ಇನ್ನೊಂದು ವಯರಿಗೆ ಜಾಗವಿರುವುದಿಲ್ಲ. ಕಾಂಕ್ರೀಟ್ ಕಂಬ, ತೊಲೆಗಳನ್ನು ಕೊರೆಯುವುದಂತೂ ಸಲ್ಲದು. ಆದ್ದರಿಂದ ಹೆಚ್ಚಿನವರು ಹಜಾರದ ಪೆಟ್ಟಿಗೆಯಿಂದ ಕಿಟಕಿಯ ಪಕ್ಕ ಹೊರಬಂದು, ಹೊರಗೋಡೆಯ ಮೇಲೆ ಸಾಗಿ, ಮತ್ತೆ ಅಡುಗೆಮನೆಗೋ ಡ್ರೈ ಬಾಲ್ಕನಿಗೋ ಒಳಹೋಗುವ ದಾರಿ ಹಿಡಿಯುತ್ತಾರೆ. ದಾರಿ ಸುಲಭವೇ. ಆದರೆ ಮನೆಯೊಳಗಿನ ವಯರ್ ಕಾಣದ ಎರಡು ಶತ್ರುಗಳು ಹೊರಗಿವೆ. ಒಂದು ಬಿಸಿಲು, ಇನ್ನೊಂದು ಜೂನ್‌ನಿಂದ ಸೆಪ್ಟೆಂಬರ್ ತನಕದ ಮುಂಬಯಿ ಮಳೆ.

ಬಿಸಿಲಿಗೆ ತೆಳು ಪಿವಿಸಿ ಪೈಪ್ ಕೆಲವೇ ವರ್ಷಗಳಲ್ಲಿ ಪೆಡಸಾಗಿ ಸೀಳುತ್ತದೆ. ಆದ್ದರಿಂದ ಐಎಸ್‌ಐ ಗುರುತಿರುವ ದಪ್ಪ ಪೈಪನ್ನೇ ಬಳಸಿ, ಹತ್ತಿರ ಹತ್ತಿರ ಕ್ಲ್ಯಾಂಪ್ ಹೊಡೆದು ಗೋಡೆಗೆ ಬಿಗಿಯಬೇಕು. ಕಬ್ಬಿಣದ ಪೈಪಾದರೆ ಅದಕ್ಕೂ ಅರ್ಥಿಂಗ್ ಕೊಡಬೇಕು. ಗೋಡೆಯ ತೂತನ್ನು ಹೊರಗಡೆಗೆ ತುಸು ಇಳಿಜಾರಾಗಿ ಕೊರೆಯುವುದು ಮುಖ್ಯ. ಒಳಗಡೆಗೆ ಇಳಿಜಾರಾದರೆ ಮಳೆನೀರು ಪೈಪಿನ ಗುಂಟ ನೇರ ಸಾಕೆಟಿಗೇ ಬರುತ್ತದೆ. ಹೊರಗೋಡೆಯಲ್ಲಿ ವಯರಿಗೆ ಜೋಡಣೆ ಇರಬಾರದು. ಟೇಪ್ ಸುತ್ತಿದ ಜೋಡಣೆ ಒಂದು ಮಳೆಗಾಲ ದಾಟುವುದೂ ಕಷ್ಟ. ಸಾಕೆಟ್ ಡ್ರೈ ಬಾಲ್ಕನಿಯಲ್ಲಿದ್ದರೆ ಮುಚ್ಚಳವಿರುವ, ನೀರು ತಡೆಯುವ ಪೆಟ್ಟಿಗೆಯೇ ಬೇಕು.

ಗ್ರಿಲ್ಲಿನ ಅಪಾಯ

ಮುಂಬಯಿಯ ಕಿಟಕಿಗಳ ಕಬ್ಬಿಣದ ಪೆಟ್ಟಿಗೆ ಗ್ರಿಲ್ ನಮಗೆಲ್ಲ ಹಿತ್ತಿಲಿದ್ದಂತೆ. ತುಳಸಿ ಕುಂಡ ಅಲ್ಲಿ, ಒದ್ದೆ ಬಟ್ಟೆ ಅಲ್ಲಿ, ಹಪ್ಪಳ ಒಣಗುವುದೂ ಅಲ್ಲಿ. ಹೊಸ ವಯರನ್ನು ಪೈಪಿಲ್ಲದೆ ಇದೇ ಗ್ರಿಲ್ಲಿಗೆ ಕಟ್ಟಿ ಸಾಗಿಸುವವರು ಕಡಿಮೆಯಿಲ್ಲ. ಗಾಳಿಗೆ ಉಜ್ಜಿ ಉಜ್ಜಿ ಕಬ್ಬಿಣದ ಅಂಚಿನಲ್ಲಿ ವಯರಿನ ಸಿಪ್ಪೆ ಸವೆದರೆ ಇಡೀ ಗ್ರಿಲ್ಲಿಗೇ ಕರೆಂಟ್ ಬರುತ್ತದೆ. ಒದ್ದೆ ಕೈಯಲ್ಲಿ ಬಟ್ಟೆ ಹರವಲು ಹೋದ ಮನೆಯಾಕೆಗೆ ಅದು ಗೊತ್ತಾಗುವುದು ಮುಟ್ಟಿದಾಗಲೇ. ಹೊಸ ವಯರ್ ಗ್ರಿಲ್, ಮಳೆನೀರಿನ ಪೈಪ್, ಗ್ಯಾಸ್ ಪೈಪ್ ಯಾವುದನ್ನೂ ಆಸರೆ ಮಾಡಿಕೊಳ್ಳಬಾರದು.

ಎಂಸಿಬಿ ಇದೆಯಲ್ಲ ಎಂಬ ಧೈರ್ಯ ಇಲ್ಲಿ ನಡೆಯುವುದಿಲ್ಲ. ಎಂಸಿಬಿ ಕಾಯುವುದು ವಯರನ್ನು. ಮನುಷ್ಯನ ಜೀವ ತೆಗೆಯಲು ಬೇಕಾದ ಕರೆಂಟ್ ಬಹಳ ಚಿಕ್ಕದು, ಅಷ್ಟಕ್ಕೆ ಎಂಸಿಬಿ ಕದಲುವುದೂ ಇಲ್ಲ. ಮನುಷ್ಯನನ್ನು ಕಾಯುವ ಸಾಧನ ಆರ್‌ಸಿಸಿಬಿ. ಹೋದ ಕರೆಂಟ್ ಅಷ್ಟೂ ಮರಳಿ ಬಂತೇ ಎಂದು ಅದು ಸದಾ ತಾಳೆ ನೋಡುತ್ತಿರುತ್ತದೆ. 30 ಮಿಲಿ ಆಂಪಿಯರ್ ವ್ಯತ್ಯಾಸ ಕಂಡರೆ ಕಣ್ಣು ಮಿಟುಕಿಸುವುದರೊಳಗೆ ಕರೆಂಟ್ ಕಡಿಯುತ್ತದೆ. ಹೊರಗೋಡೆಯ ಸರ್ಕ್ಯೂಟಿಗೆ ಇದನ್ನು ಬಿಡಲೇಬಾರದು. ಆದರೆ ಹೊಸ ಸರ್ಕ್ಯೂಟಿನ ನ್ಯೂಟ್ರಲ್ ಕೂಡ ಅದೇ ಆರ್‌ಸಿಸಿಬಿಯಿಂದ ಹೊರಟು ಬರಬೇಕು. ಹತ್ತಿರದ ಲೈಟಿನ ಪಾಯಿಂಟಿನಿಂದ ನ್ಯೂಟ್ರಲ್ ಕದ್ದರೆ ಅದು ಪದೇ ಪದೇ ಬೀಳುತ್ತದೆ. ಬೇಸತ್ತ ಮನೆಯವರು ಆರ್‌ಸಿಸಿಬಿಯನ್ನೇ ತೆಗೆಸಿಬಿಡುತ್ತಾರೆ.

ಅರ್ಥಿಂಗ್ ಎಲ್ಲಿದೆ?

ಮೂರು ತೂತಿನ ಸಾಕೆಟ್ ಇದ್ದ ಮಾತ್ರಕ್ಕೆ ಅರ್ಥಿಂಗ್ ಇದೆ ಎಂದಲ್ಲ. ಹಿಂದಿನ ಕಾಲದಲ್ಲಿ ನೀರಿನ ಕಬ್ಬಿಣದ ಪೈಪಿಗೆ ತಂತಿ ಸುತ್ತಿ ಅದನ್ನೇ ಅರ್ಥಿಂಗ್ ಎಂದವರಿದ್ದರು. ಕಟ್ಟಡ ರಿಪೇರಿಯಲ್ಲಿ ಆ ಪೈಪುಗಳ ಜಾಗಕ್ಕೆ ಪ್ಲಾಸ್ಟಿಕ್ ಬಂದಾಗ ಆ ಅರ್ಥಿಂಗ್ ಯಾರಿಗೂ ತಿಳಿಯದಂತೆ ಸತ್ತುಹೋಯಿತು. ಆದ್ದರಿಂದ ಹೊಸ ಸರ್ಕ್ಯೂಟಿನ ಹಸಿರು ವಯರ್ ಕಟ್ಟಡದ ಮೀಟರ್ ರೂಮಿನ ಅರ್ಥಿಂಗಿಗೆ ನಿಜವಾಗಿ ಕೂಡಿದೆಯೇ ಎಂದು ಅಳೆದೇ ನೋಡಬೇಕು. ಅಲ್ಲಿಯೂ ಇಲ್ಲವೆಂದಾದರೆ ಸೊಸೈಟಿಯ ಸಭೆಯಲ್ಲಿ ಎತ್ತಬೇಕಾದ ವಿಷಯ ಅದು. ಒಂದು ಮನೆಯ ಸಮಸ್ಯೆ ಅಲ್ಲವೇ ಅಲ್ಲ.

ವಯರಿನ ವಿಷಯಕ್ಕೆ ಬಂದರೆ, 16 ಆಂಪಿಯರ್ ಸಾಕೆಟಿಗೆ ತಾಮ್ರದ 2.5 ಚದರ ಮಿ.ಮೀ. ವಯರ್ ಕನಿಷ್ಠ. ದಾರಿ ಉದ್ದವಿದ್ದರೆ ಅಥವಾ ದೊಡ್ಡ ಅವನ್ ಬರುವುದಿದ್ದರೆ 4 ಚದರ ಮಿ.ಮೀ. ಒಳ್ಳೆಯದು. ಅಂಗಡಿಯವರು ಇದನ್ನೇ 'ಎರಡೂವರೆ ಎಂಎಂ', 'ನಾಲ್ಕು ಎಂಎಂ' ಎನ್ನುತ್ತಾರೆ. ಎಂಸಿಬಿ ಯಾವತ್ತೂ ವಯರಿನ ಶಕ್ತಿಯನ್ನು ಮೀರಬಾರದು.

ಅನುಮತಿ ಮತ್ತು ಪರೀಕ್ಷೆ

ಹೊರಗೋಡೆ ಫ್ಲ್ಯಾಟಿನ ಮಾಲೀಕರದ್ದಲ್ಲ, ಸೊಸೈಟಿಯದ್ದು. ಕೆಲಸಕ್ಕೆ ಮೊದಲು ಕಾರ್ಯದರ್ಶಿಗೆ ಪತ್ರ ಕೊಟ್ಟು ಲಿಖಿತ ಒಪ್ಪಿಗೆ ಪಡೆದರೆ ನಾಳೆ ಬಣ್ಣ ಬಳಿಯುವಾಗ ಜಗಳವಿಲ್ಲ. ಮೀಟರಿನ ತನಕದ ಜವಾಬ್ದಾರಿ ಬೆಸ್ಟ್, ಅದಾನಿ, ಟಾಟಾ ಪವರ್, ಮಹಾವಿತರಣ ಮೊದಲಾದ ಸರಬರಾಜುದಾರರದ್ದು. ಅದರಿಂದ ಈಚಿನ ವಯರಿಂಗ್ ಬಳಕೆದಾರನದ್ದೇ. ಬಿಲ್ಲಿನಲ್ಲಿ ನಮೂದಿಸಿರುವ ಮಂಜೂರಾದ ಲೋಡ್ ಎಷ್ಟೆಂದು ನೋಡಿ, ಸಾಲದಿದ್ದರೆ ಹೆಚ್ಚಿಸಲು ಅರ್ಜಿ ಕೊಡಬೇಕು. ಕೆಲಸವನ್ನು ಸರಕಾರಿ ಲೈಸನ್ಸ್ ಇರುವ ಕಾಂಟ್ರಾಕ್ಟರ್ ಮೂಲಕವೇ ಮಾಡಿಸಬೇಕೆಂಬುದು ಕಾನೂನು. ಮನೆಯವರು ಸ್ವತಃ ಪೆಟ್ಟಿಗೆ ಬಿಚ್ಚಲು ಹೋಗಬಾರದು.

ಕೆಲಸ ಮುಗಿದ ಮೇಲೆ ಬಲ್ಬ್ ಹಚ್ಚಿ ತೋರಿಸಿದರೆ ಸಾಲದು. 500 ವೋಲ್ಟಿನ ಮೆಗ್ಗರ್‌ನಿಂದ ಅಳೆದು ವಯರಿನ ನಿರೋಧ ಕನಿಷ್ಠ 1 ಮೆಗಾ ಓಮ್ ಇದೆಯೆಂದು ತೋರಿಸಲು ಕೇಳಬೇಕು. ಪೆಟ್ಟಿಗೆಯಲ್ಲಿ ಹೊಸ ಎಂಸಿಬಿಯ ಮೇಲೆ 'ಅಡುಗೆಮನೆ' ಎಂದು ಚೀಟಿ ಅಂಟಿಸಬೇಕು. ಆರ್‌ಸಿಸಿಬಿಯ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ಅದು ಬೀಳುತ್ತದೆಯೇ ಎಂದು ನೋಡಬೇಕು. ಸಂಕ್ರಮಣದ ದಿನ ಒತ್ತುವ ಅಭ್ಯಾಸ ಮಾಡಿಕೊಂಡರೆ ಮರೆಯುವುದಿಲ್ಲ. ಮಳೆಗಾಲಕ್ಕೆ ಮುಂಚೆ ಹೊರಗಿನ ಪೈಪನ್ನೊಮ್ಮೆ ಕಣ್ಣಾಡಿಸಬೇಕು.

ಮೇ ರಜೆಯಲ್ಲಿ ಊರಿಗೆ ಹೋಗುವವರು ಅಲ್ಲಿನ ಮನೆಯನ್ನೂ ಇದೇ ಕಣ್ಣಿನಿಂದ ನೋಡುವುದು ಒಳಿತು. ಕರಾವಳಿಯ ಎಷ್ಟೋ ಮನೆಗಳಲ್ಲಿ ಗ್ರೈಂಡರ್ ಇರುವುದು ಹಿಂಬದಿಯ ಮಾಡಿನಡಿಯಲ್ಲಿ. ಅದಕ್ಕೆ ಹೋಗುವ ವಯರ್ ಅಂಗಳದ ಮೇಲೆ ಜೋತಾಡುತ್ತಿರುತ್ತದೆ. ಅಲ್ಲಿರುವವರು ಹೆಚ್ಚಾಗಿ ವಯಸ್ಸಾದ ತಾಯಿ ತಂದೆ ಮಾತ್ರ.

ನಮ್ಮ ಸಂಘಗಳು ಅರಸಿನ ಕುಂಕುಮ, ರಕ್ತದಾನ, ಆರೋಗ್ಯ ಶಿಬಿರಗಳನ್ನು ಅಚ್ಚುಕಟ್ಟಾಗಿ ನಡೆಸುತ್ತಾ ಬಂದಿವೆ. ಮಹಿಳಾ ವಿಭಾಗದ ಒಂದು ಸಭೆಗೆ ಲೈಸನ್ಸ್ ಇರುವ ಇಲೆಕ್ಟ್ರಿಷಿಯನ್ ಒಬ್ಬರನ್ನು ಕರೆದು ಒಂದು ಗಂಟೆ ಮಾತನಾಡಿಸಿದರೆ ಸದಸ್ಯರ ಮನೆಗಳಿಗೆ ದೊಡ್ಡ ಉಪಕಾರವಾದೀತು. ಯಂತ್ರಕ್ಕೆ ಸಾವಿರಾರು ರೂಪಾಯಿ ಕೊಡುವವರು ಅದಕ್ಕೆ ಬೇಕಾದ ವಯರಿನಲ್ಲಿ ಉಳಿತಾಯ ಮಾಡಬಾರದು. ಆ ಉಳಿತಾಯದ ಬೆಲೆ ತೆರಬೇಕಾಗುವುದು ಅಡುಗೆಮನೆಯಲ್ಲಿ ನಿಂತವರು.