ಗಂಟೆ ಬಾರಿಸಲಿ, ಮೈಕು ಬೇಡ

ಐಸ್‌ಕ್ರೀಮ್ ಗಾಡಿಯವನು ನಮ್ಮ ಬೀದಿಗೆ ಬರಬೇಕಾ, ಬೇಡವಾ? ಇದೂ ಒಂದು ಚರ್ಚೆಯೇನ್ರೀ, ದೇಶದಲ್ಲಿ ಬೇರೆ ಸಮಸ್ಯೆ ಇಲ್ವಾ ಅಂತ ನೀವು ನಗಬಹುದು. ನಗಿ, ತಪ್ಪೇನಿಲ್ಲ. ಆದರೆ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಅರಸೀಕೆರೆಯಲ್ಲೋ ಬೇಲೂರಿನಲ್ಲೋ ಹಳೇ ಬೀದಿಯೊಂದರಲ್ಲಿ ಕೂತು ನೋಡಿ. ಊಟ ಮುಗಿದಿದೆ. ಬಾಗಿಲು ಅರ್ಧ ಮುಚ್ಚಿದೆ. ಬೆಳಗಿನ ಜಾವ ನಾಲ್ಕಕ್ಕೇ ಎದ್ದ ಯಜಮಾನರು ಈಗಷ್ಟೇ ಕಣ್ಣು ಮುಚ್ಚಿದ್ದಾರೆ. ಅಷ್ಟರಲ್ಲಿ ಬೀದಿ ತುದಿಯಿಂದ ಲಗೇಜ್ ಆಟೋ ಬಂತು. ಅದರ ನೆತ್ತಿ ಮೇಲೊಂದು ಮೈಕು. ಒಂದೇ ಮಾತು, ಒಂದೇ ರಾಗ, ನಿಲ್ಲಿಸೋರೇ ಇಲ್ಲ. ಆ ಯಜಮಾನರಿಗೆ ಇದು ಸಣ್ಣ ವಿಷಯ ಅಲ್ಲ. ಆಟೋ ಓಡಿಸೋ ಹುಡುಗನಿಗೂ ಸಣ್ಣ ವಿಷಯ ಅಲ್ಲ, ಯಾಕಂದ್ರೆ ಡಬ್ಬದೊಳಗಿನ ಸರಕು ಕರಗ್ತಾ ಇದೆ.

ಇಬ್ಬರದೂ ನ್ಯಾಯವೇ. ಹಾಗಿದ್ದಾಗಲೇ ಕಾನೂನು ಏನು ಹೇಳುತ್ತೆ, ಬುದ್ಧಿ ಏನು ಹೇಳುತ್ತೆ ಅಂತ ನೋಡಬೇಕಾಗುತ್ತೆ.

ಮೊದಲು ಒಂದು ಮಾತು. ನಿವೃತ್ತರ ಬಡಾವಣೆ ಅಂದ ತಕ್ಷಣ ನಮಗೆ ನೆನಪಾಗೋದು ಬೆಂಗಳೂರಿನ ಹೊರವಲಯ. ಗೇಟು, ಕಾವಲುಗಾರ, ಹುಲ್ಲುಹಾಸು, ನರ್ಸು. ಆದರೆ ನಮ್ಮ ಸಣ್ಣ ಊರುಗಳನ್ನ ಗಮನಿಸಿದ್ದೀರಾ? ಅರಸೀಕೆರೆ ರೈಲ್ವೆ ಜಂಕ್ಷನ್. ರೈಲ್ವೆಯಲ್ಲಿ ದುಡಿದು ಅಲ್ಲೇ ಮನೆ ಕಟ್ಟಿಕೊಂಡವರಿದ್ದಾರೆ. ಕೊಬ್ಬರಿ ವ್ಯಾಪಾರ ಮಾಡಿ ಮಕ್ಕಳನ್ನ ಓದಿಸಿದವರಿದ್ದಾರೆ, ನಿವೃತ್ತ ಮೇಷ್ಟ್ರುಗಳಿದ್ದಾರೆ. ಮಕ್ಕಳು ಬೆಂಗಳೂರಲ್ಲಿ, ಮೈಸೂರಲ್ಲಿ, ಇನ್ನೂ ದೂರದಲ್ಲಿ. ಮನೆಯಲ್ಲಿ ಉಳಿದಿರೋದು ಇಬ್ಬರೇ, ಕೆಲವು ಮನೆಗಳಲ್ಲಿ ಒಬ್ಬರೇ. 2011ರ ಜನಗಣತಿ ಪ್ರಕಾರ ದೇಶದಲ್ಲಿ 60 ದಾಟಿದವರು ಶೇ 8.6. ಕರ್ನಾಟಕದಲ್ಲಿ ಅದು ಶೇ 9.5ರಷ್ಟು. ಅಂದ್ರೆ ನಾವು ದೇಶದ ಸರಾಸರಿಗಿಂತ ಮುಂಚೆಯೇ ಮುದುಕರಾಗ್ತಿದ್ದೀವಿ. ಯಾರೂ ಬೋರ್ಡು ಹಾಕದೇ, ಯಾರೂ ಸೈಟು ಮಾರದೇ, ನಮ್ಮ ಹಳೇ ಬೀದಿಗಳೇ ನಿವೃತ್ತರ ಬಡಾವಣೆಗಳಾಗಿಬಿಟ್ಟಿವೆ.

ಇನ್ನು ಬದಲಾಗಿದ್ದೇನು ನೋಡಿ. ಐಸ್‌ಕ್ಯಾಂಡಿ ಮಾರೋರು ಮೊನ್ನೆ ಮೊನ್ನೆ ಹುಟ್ಟಿದವರಲ್ಲ. ಸೈಕಲ್ ಹಿಂದೆ ಮರದ ಪೆಟ್ಟಿಗೆ ಕಟ್ಟಿಕೊಂಡು, ಕೈಯಲ್ಲಿ ಗಂಟೆ ಬಾರಿಸ್ತಾ, ಇಲ್ಲಾ ರಬ್ಬರ್ ಉಂಡೆಯ ಪೋಂಪೋಂ ಹಾರ್ನ್ ಒತ್ತುತ್ತಾ ಬರ್ತಿದ್ದರು. ಕೈ ಸೋತರೆ ಗಂಟೆ ನಿಲ್ಲುತ್ತಿತ್ತು. ಗಿರಾಕಿ ಬಂದರೆ ಗಂಟೆ ನಿಲ್ಲುತ್ತಿತ್ತು. ಜಗಲಿ ಮೇಲಿದ್ದ ಅಜ್ಜಿ, ‘ಏ, ಮಗು ಮಲಗಿದೆ ಕಣಪ್ಪಾ’ ಅಂದರೂ ನಿಲ್ಲುತ್ತಿತ್ತು. ಈಗ ಒಂದು ಸಣ್ಣ ಆಂಪ್ಲಿಫೈಯರ್, ಒಂದು ಮೆಮೊರಿ ಕಾರ್ಡ್, ಒಂದು ಹಾರ್ನ್ ಸ್ಪೀಕರ್ ಸಾಕು. ಅದಕ್ಕೆ ದಣಿವಿಲ್ಲ, ಅದರ ಕಿವಿಗೆ ಯಾವ ಅಜ್ಜಿಯ ಮಾತೂ ಬೀಳಲ್ಲ. ಗಾಡಿ ನಿಂತರೂ ಅದು ಕೂಗ್ತಾನೇ ಇರುತ್ತೆ. ಜನಕ್ಕೆ ಸಿಟ್ಟು ಐಸ್‌ಕ್ರೀಮ್ ಮೇಲಲ್ಲ, ಮಾರೋನ ಮೇಲೂ ಅಲ್ಲ. ಮಾತಾಡಿಸೋಕೆ ಆಗದ ಆ ಯಂತ್ರದ ಮೇಲೆ.

ವಯಸ್ಸಾದವರಿಗೆ ಹೇಗೂ ಕಿವಿ ಮಂದ, ಸದ್ದು ಅವರಿಗೇನು ತೊಂದರೆ ಅನ್ನೋರಿದ್ದಾರೆ. ಇದು ದೊಡ್ಡ ತಪ್ಪು ತಿಳಿವಳಿಕೆ. ವಯಸ್ಸಾದಂತೆ ಮೊದಲು ಹೋಗೋದು ಕೀರಲು ಸದ್ದು, ಮಾತಿನ ಸ್ಪಷ್ಟತೆ. ಮೆಲ್ಲಗೆ ಮಾತಾಡಿದರೆ ಕೇಳಿಸಲ್ಲ. ಆದರೆ ಸದ್ದು ಒಂದು ಮಟ್ಟ ದಾಟಿದ ಕೂಡಲೇ ಅದು ಕಿವಿಗೆ ಬಡಿಯುತ್ತೆ. ಅದಕ್ಕೇ ಅಲ್ವೇ, ತಾತನವರು ಮೊದಲು ‘ಜೋರಾಗಿ ಹೇಳೋ’ ಅಂತಾರೆ, ಜೋರಾಗಿ ಹೇಳಿದರೆ ‘ಯಾಕೋ ಕಿರುಚ್ತೀಯಾ’ ಅಂತಾರೆ. ಅದು ಹಟ ಅಲ್ಲ, ಕಿವಿಯ ಗುಣ. ಜೊತೆಗೆ ಅವರ ರಾತ್ರಿ ನಿದ್ದೆ ತುಂಡು ತುಂಡು. ಮಧ್ಯಾಹ್ನದ ಒಂದು ಗಂಟೆ ಅವರಿಗೆ ಐಷಾರಾಮ ಅಲ್ಲ, ಅದು ಔಷಧ.

ಈಗ ಕಾನೂನಿಗೆ ಬರೋಣ. ಶಬ್ದ ಮಾಲಿನ್ಯ ನಿಯಮಗಳು ಬಂದಿದ್ದು 2000ದಲ್ಲಿ. ಅದರ ಪ್ರಕಾರ ಜನ ವಾಸ ಮಾಡೋ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ವ್ಯಾಪಾರದ ಪ್ರದೇಶದಲ್ಲಿ ಹಗಲು 65, ರಾತ್ರಿ 55. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್‌ವರೆಗೆ ನಿಶ್ಶಬ್ದ ವಲಯ ಗುರುತಿಸಬಹುದು. ಅಲ್ಲಿ ಹಗಲು 50, ರಾತ್ರಿ 40. ಹಗಲು ಅಂದ್ರೆ ಬೆಳಿಗ್ಗೆ 6ರಿಂದ ರಾತ್ರಿ 10. ಡೆಸಿಬಲ್ ಲೆಕ್ಕ ನಮ್ಮ ಕೂಡೋ ಕಳೆಯೋ ಲೆಕ್ಕದ ಹಾಗಲ್ಲ. 10 ಡೆಸಿಬಲ್ ಜಾಸ್ತಿಯಾದರೆ ಸದ್ದಿನ ಶಕ್ತಿ 10 ಪಟ್ಟು. ಕಿವಿಗೆ ಅದು ಹೆಚ್ಚುಕಡಿಮೆ ಎರಡು ಪಟ್ಟು ಅನ್ನಿಸುತ್ತೆ. ಮಿತಿಗಿಂತ 10 ಡೆಸಿಬಲ್ ಮೀರಿದರೆ ಯಾರು ಬೇಕಾದರೂ ದೂರು ಕೊಡಬಹುದು. ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಧ್ವನಿವರ್ಧಕ ಬಳಸೋಕೆ ಲಿಖಿತ ಅನುಮತಿ ಬೇಕು. ಗಾಡಿ ಮೇಲೆ ಮೈಕು ಕಟ್ಟಿಕೊಂಡ ಎಷ್ಟು ಜನರ ಹತ್ತಿರ ಆ ಕಾಗದ ಇದೆ? ಕೇಳಿ ನೋಡಿ.

2005ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇದೇ ಶಬ್ದ ಮಾಲಿನ್ಯದ ಪ್ರಕರಣದಲ್ಲಿ ವಿವರವಾದ ತೀರ್ಪು ಕೊಟ್ಟಿತು. ಅದರ ತಿರುಳು ಸರಳ. ನಿಮಗೆ ಮಾತಾಡೋ ಹಕ್ಕಿದೆ. ಬೇಡ ಅನ್ನೋರ ಕಿವಿಗೆ ಅದನ್ನ ಬಲವಂತವಾಗಿ ತುರುಕೋ ಹಕ್ಕಿಲ್ಲ.

ಹಾಗಾದರೆ ಗಾಡಿಯನ್ನೇ ಓಡಿಸಿಬಿಡೋಣ ಅಂತೀರಾ? ನಿಧಾನ ಸ್ವಾಮಿ. ಬೀದಿಯಲ್ಲಿ ವ್ಯಾಪಾರ ಮಾಡೋದೂ ಹಕ್ಕೇ. 1989ರಲ್ಲಿ ಸೋದನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನ ಸಂವಿಧಾನದ 19ನೇ ವಿಧಿಯ ಅಡಿಯಲ್ಲೇ ಒಪ್ಪಿತು. ಸರ್ಕಾರ ಅದಕ್ಕೆ ಕಟ್ಟುಪಾಡು ಹಾಕಬಹುದು, ಆದರೆ ಹಕ್ಕೇ ಇಲ್ಲ ಅನ್ನುವಂತಿಲ್ಲ. 2014ರಲ್ಲಿ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಬಂತು. ಪ್ರತಿ ಪಟ್ಟಣದಲ್ಲೂ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ಕನಿಷ್ಠ ಶೇ 40 ವ್ಯಾಪಾರಿಗಳೇ ಇರಬೇಕು, ಆ ವ್ಯಾಪಾರಿಗಳಲ್ಲಿ ಮೂರನೇ ಒಂದು ಭಾಗ ಹೆಣ್ಣುಮಕ್ಕಳಿರಬೇಕು. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ಆಗಬೇಕು. 30 ದಿನದ ನೋಟಿಸ್ ಕೊಡದೆ ಯಾರನ್ನೂ ಎಬ್ಬಿಸುವಂತಿಲ್ಲ. ಒಂದೇ ಜಾಗದಲ್ಲಿ ಕೂರೋರಷ್ಟೇ ಅಲ್ಲ, ಊರೆಲ್ಲ ಸುತ್ತಿ ಮಾರೋರೂ ಈ ಕಾಯ್ದೆಯೊಳಗೆ ಬರ್ತಾರೆ. ಹಾಗಾಗಿ ‘ನಮ್ಮ ಬೀದಿಗೆ ಬರಬೇಡ’ ಅಂತ ಹೇಳೋ ಅಧಿಕಾರ ನಿವಾಸಿಗಳ ಸಂಘಕ್ಕಿಲ್ಲ. ಎಲ್ಲಿ ಮಾರಬಹುದು, ಯಾವ ಹೊತ್ತಿಗೆ ಮಾರಬಹುದು ಅಂತ ಕಟ್ಟುಪಾಡು ಹಾಕೋದಿದ್ದರೆ ಅದು ಕಾಯ್ದೆ ಹೇಳಿದ ದಾರಿಯಲ್ಲೇ ಆಗಬೇಕು. ಇದು ಪಟ್ಟಣಗಳ ಮಾತು. ಗ್ರಾಮ ಪಂಚಾಯಿತಿ ಊರುಗಳಿಗೆ ಈ ಕಾಯ್ದೆ ನೇರವಾಗಿ ಮುಟ್ಟೋದಿಲ್ಲ, ಅಲ್ಲಿ ಪಂಚಾಯಿತಿಯೇ ಕೂತು ಮಾತಾಡಬೇಕು.

ಈಗ ಆ ಹುಡುಗನ ಕಡೆಯಿಂದಲೂ ಸ್ವಲ್ಪ ನೋಡಿ. ಟೊಮ್ಯಾಟೊ ಇವತ್ತು ಉಳಿದರೆ ನಾಳೆ ಮಾರಬಹುದು. ಪ್ಲಾಸ್ಟಿಕ್ ಬಿಂದಿಗೆ ಮುಂದಿನ ವರ್ಷವೂ ಮಾರಬಹುದು. ಐಸ್‌ಕ್ರೀಮ್ ಹಾಗಲ್ಲ. ಅದನ್ನ ಇಡಬೇಕಾದ್ದು ಸೊನ್ನೆಗಿಂತ 18 ಡಿಗ್ರಿ ಕೆಳಗೆ. ಬರೀ ಐಸು ಹಾಕಿದರೆ ಅಷ್ಟು ತಂಪು ಬರೋಲ್ಲ, ಅದಕ್ಕೇ ಹಳೇ ಕಾಲದವರು ಐಸಿಗೆ ಕಲ್ಲುಪ್ಪು ಬೆರೆಸ್ತಿದ್ದರು. ಉಪ್ಪು ಬೆರೆತ ಐಸು ಸೊನ್ನೆಗಿಂತ ಎಷ್ಟೋ ಕೆಳಗಿಳಿಯುತ್ತೆ. ಆದರೂ ಬಿಸಿಲಲ್ಲಿ ಮುಚ್ಚಳ ತೆಗೆದಷ್ಟೂ ತಂಪು ಸೋರುತ್ತೆ. ಒಮ್ಮೆ ಕರಗಿದ ಐಸ್‌ಕ್ರೀಮನ್ನ ಮತ್ತೆ ಗಟ್ಟಿ ಮಾಡಿದರೆ ಮರಳು ಮರಳಾಗುತ್ತೆ, ಮಗು ಕೂಡ ಉಗಿಯುತ್ತೆ. ಅವನಿಗೆ ಸಿಗೋದು ಕೆಲವೇ ಗಂಟೆ. ಅದೂ ನಮಗೆ ನಿದ್ದೆ ಬರೋ ಹೊತ್ತು, ಯಾಕಂದ್ರೆ ಬಿಸಿಲಿರೋದು ಆಗಲೇ. ವರ್ಷದಲ್ಲಿ ಅವನ ಸೀಸನ್ನೂ ಚಿಕ್ಕದು. ಮಾರ್ಚಿಂದ ಮೇ, ಮಳೆ ಬಂದರೆ ಮುಗೀತು. 2020ರ ಲಾಕ್‌ಡೌನ್ ಬಂದಿದ್ದು ಮಾರ್ಚ್ ಕೊನೆಗೆ. 2021ರಲ್ಲಿ ರಾಜ್ಯದಲ್ಲಿ ಮತ್ತೆ ಬಾಗಿಲು ಹಾಕಿದ್ದು ಏಪ್ರಿಲ್ ಕೊನೆಗೆ. ಎರಡೂ ವರ್ಷ ಸರಿಯಾಗಿ ಅವರ ಬೇಸಿಗೆಯನ್ನೇ ನುಂಗಿತು. ಆಗ ಪಿಎಂ ಸ್ವನಿಧಿ ಯೋಜನೆಯಲ್ಲಿ ಬೀದಿ ವ್ಯಾಪಾರಿಗಳಿಗೆ ಮೊದಲಿಗೆ ಕೊಟ್ಟ ಸಾಲ 10 ಸಾವಿರ ರೂಪಾಯಿವರೆಗೆ. ಗ್ಯಾರಂಟಿ ಕೇಳದೆ ಕೊಟ್ಟರು, ಒಳ್ಳೇದೇ. ಆದರೂ ಅದು ಸಾಲ. ಸಾಲಕ್ಕೆ ಕಂತು ಇರುತ್ತೆ.

ಇನ್ನು ಆ ಯಜಮಾನರ ಮನೆಯವರನ್ನೇ ಕೇಳಿ. ಸೊಪ್ಪು, ಹೂವು, ತರಕಾರಿ ಬಾಗಿಲಿಗೆ ಬರೋದು ನಿಂತುಹೋದರೆ ಏನು ಮಾಡ್ತೀರಿ ಅಂತ. ಮಂಡಿ ನೋವಿರೋರು ಸಂತೆಗೆ ಹೋಗೋಕಾಗುತ್ತಾ? ಒಂಟಿಯಾಗಿರೋ ಎಷ್ಟೋ ಅಜ್ಜಿಯರಿಗೆ ಸೊಪ್ಪಿನವಳ ಜೊತೆ ಆಡೋ ನಾಲ್ಕು ಮಾತೇ ಆ ದಿನದ ಮಾತು. ‘ಯಾಕಮ್ಮಾ, ಎರಡು ದಿನದಿಂದ ಬಾಗಿಲು ತೆಗೆದಿಲ್ಲ?’ ಅಂತ ಕೇಳೋಳು ಅವಳೊಬ್ಬಳೇ ಇರಬಹುದು. ಬೇಸಿಗೆ ರಜೆಗೆ ಮೊಮ್ಮಕ್ಕಳು ಬಂದಾಗ ಇದೇ ತಾತ, ಸಕ್ಕರೆ ಕಾಯಿಲೆಯ ಮಾತ್ರೆ ಬಚ್ಚಿಟ್ಟು, ಐಸ್‌ಕ್ರೀಮ್ ಗಾಡಿ ಯಾವಾಗ ಬರುತ್ತೆ ಅಂತ ಗೇಟು ಕಾಯ್ತಾರೆ. ಗಾಡಿ ಬೇಡ ಅನ್ನೋರು ಇದನ್ನೂ ಲೆಕ್ಕಕ್ಕೆ ಹಿಡೀಬೇಕು. ಬೀದಿಯನ್ನ ಪೂರ್ತಿ ಮೌನ ಮಾಡಿದರೆ ಅದು ನೆಮ್ಮದಿ ಆಗಲ್ಲ, ಒಂಟಿತನ ಆಗುತ್ತೆ.

ಬೇಲೂರು, ಹಳೇಬೀಡಿಗೆ ಇನ್ನೊಂದು ಮುಖವೂ ಇದೆ. 2023ರ ಸೆಪ್ಟೆಂಬರ್‌ನಲ್ಲಿ ಸೋಮನಾಥಪುರದ ಜೊತೆ ಈ ಎರಡೂ ಊರಿನ ಹೊಯ್ಸಳ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಹೆಮ್ಮೆಯ ವಿಷಯ. ಇಂಥ ಹೆಮ್ಮೆ ಬಂದಾಗಲೆಲ್ಲ ಮೊದಲು ಕೇಳಿಬರೋದು ‘ತಳ್ಳುಗಾಡಿ ತೆಗೆಸಿ, ಅಂದ ಕೆಡುತ್ತೆ’ ಅನ್ನೋ ಮಾತು. ದೇವಸ್ಥಾನದ ಮುಂದೆ ಶಿಸ್ತು ಬೇಕು, ಒಪ್ಪೋಣ. ಆದರೆ ಅಲ್ಲಿಂದ ಎಬ್ಬಿಸಿದವನು ಆವಿಯಾಗಿ ಹೋಗ್ತಾನಾ? ಪಕ್ಕದ ಬೀದಿಗೆ ಬರ್ತಾನೆ, ಮನೆ ಮುಂದೆ ಬರ್ತಾನೆ. ಅಲ್ಲಿ ಜಾಗ ತೋರಿಸದೆ ಇಲ್ಲಿ ಸದ್ದು ಅಂದರೆ ಅವನು ಎಲ್ಲಿಗೆ ಹೋಗಬೇಕು?

ಇದು ನಮ್ಮೊಬ್ಬರ ಜಗಳ ಅಲ್ಲ. ನ್ಯೂಯಾರ್ಕ್ ನಗರದಲ್ಲಿ ಐಸ್‌ಕ್ರೀಮ್ ಟ್ರಕ್ಕಿನ ಸಂಗೀತಕ್ಕೆ ಜನ ರೋಸಿಹೋಗಿದ್ದರು. ಮೇಯರ್ ಬ್ಲೂಮ್‌ಬರ್ಗ್ ಕಾಲದಲ್ಲಿ ಪೂರ್ತಿ ನಿಷೇಧದ ಮಾತೇ ಬಂತು. ಕೊನೆಗೆ 2005ರ ಶಬ್ದ ಕಾನೂನಿನಲ್ಲಿ ಒಂದು ನಡುದಾರಿ ಹುಡುಕಿದರು. ಟ್ರಕ್ ಚಲಿಸುವಾಗ ಸಂಗೀತ ಇರಲಿ, ನಿಂತ ಕೂಡಲೇ ಬಂದ್. ಇಂಗ್ಲೆಂಡ್ ಇನ್ನೂ ಲೆಕ್ಕಾಚಾರದ ದೇಶ. ಅಲ್ಲಿ ಐಸ್‌ಕ್ರೀಮ್ ಗಾಡಿ ರಾಗ ಹಾಕಬಹುದಾದ್ದು ಮಧ್ಯಾಹ್ನ 12ರಿಂದ ಸಂಜೆ 7ರವರೆಗೆ ಮಾತ್ರ. 2013ರ ನೀತಿಸಂಹಿತೆ ಪ್ರಕಾರ ಒಂದು ಸಲಕ್ಕೆ 12 ಸೆಕೆಂಡ್ ಮೀರುವಂತಿಲ್ಲ. ಮೊದಲು ಬರೀ 4 ಸೆಕೆಂಡ್ ಇತ್ತು, ಗಾಡಿಯವರಿಗೆ ಅನುಕೂಲ ಆಗಲಿ ಅಂತ ಹೆಚ್ಚಿಸಿದರು. ಗಮನಿಸಿ, ಎರಡೂ ಕಡೆ ಗಾಡಿಯನ್ನ ಓಡಿಸಲಿಲ್ಲ. ಸದ್ದಿಗೆ ಮಾತ್ರ ಲಗಾಮು ಹಾಕಿದರು.

ನಮಗೂ ಅದು ಸಾಧ್ಯ. ರಾಕೆಟ್ ವಿಜ್ಞಾನ ಏನೂ ಬೇಡ. ಮನೆಗಳಿರೋ ಬೀದಿಯಲ್ಲಿ ರೆಕಾರ್ಡ್ ಮಾಡಿದ ಮೈಕು ಬೇಡ, ಗಂಟೆ ಇರಲಿ, ಬಾಯಿ ಇರಲಿ. ಗಾಡಿ ನಿಂತ ಮೇಲೆ ಸದ್ದು ನಿಲ್ಲಲಿ. ಮಧ್ಯಾಹ್ನ ಒಂದೂವರೆಯಿಂದ ಮೂರೂವರೆವರೆಗೆ ಸ್ಕೂಲು, ಬಸ್‌ಸ್ಟ್ಯಾಂಡು, ಸಂತೆ ಬೀದಿ ಕಡೆ ಮಾರಲಿ, ಆಮೇಲೆ ಮನೆಗಳ ಕಡೆ ಬರಲಿ. ಇಂಥ ಹೊತ್ತಿಗೆ ಬರ್ತಾನೆ ಅಂತ ಗೊತ್ತಾದರೆ ಅವನು ಕೂಗಲೇಬೇಕಿಲ್ಲ, ಮಕ್ಕಳೇ ಕಾಯ್ತಾ ಇರ್ತಾರೆ. ಇದನ್ನ ನಗರಸಭೆ, ಪುರಸಭೆಗಳು ವ್ಯಾಪಾರ ಸಮಿತಿಯ ಮುಂದಿಟ್ಟು, ವ್ಯಾಪಾರಿಗಳನ್ನೂ ಹಿರಿಯರನ್ನೂ ಒಟ್ಟಿಗೆ ಕೂರಿಸಿ ತೀರ್ಮಾನ ಮಾಡಲಿ. ಸಮಿತಿ ಸಭೆಯೇ ನಡೆಯೋಲ್ಲ ಅನ್ನೋದಾದರೆ ಮೊದಲ ಪ್ರಶ್ನೆ ಗಾಡಿಯವನಿಗಲ್ಲ, ಸಭೆ ಕರೆಯಬೇಕಾದವರಿಗೆ.

ಕೊನೆಗೊಂದು ಮಾತು, ಸ್ವಲ್ಪ ಖಾರ ಅನ್ನಿಸಬಹುದು. ಇದೇ ಬೀದಿಯಲ್ಲಿ ಪೆಂಡಾಲ್ ಹಾಕಿ ರಾತ್ರಿ ಹನ್ನೊಂದರವರೆಗೆ ಆರ್ಕೆಸ್ಟ್ರಾ ನಡೆಸ್ತಾರೆ. ಚುನಾವಣೆ ಬಂದರೆ ಆಟೋಗಳು ದಿನವಿಡೀ ಅರಚುತ್ತವೆ. ಮದುವೆ ಡಿಜೆಗೆ ಕಿಟಕಿ ಗಾಜು ನಡುಗುತ್ತೆ. ಆಗ ನಮ್ಮ ಯಾರ ಬಾಯಿಂದಲೂ 55 ಡೆಸಿಬಲ್ ಅನ್ನೋ ಮಾತು ಬರಲ್ಲ. ಯಾಕಂದ್ರೆ ಅವರಿಗೆ ಹಿಂದೆ ಮುಂದೆ ಜನ ಇದ್ದಾರೆ. ಐಸ್‌ಕ್ರೀಮ್ ಗಾಡಿಯವನಿಗೆ ಯಾರೂ ಇಲ್ಲ, ಅದಕ್ಕೇ ಅವನು ಸಿಕ್ಕಿಬೀಳ್ತಾನೆ. ಕಾನೂನು ಅನ್ನೋದು ಮೆತ್ತಗಿರೋನ ಬೆನ್ನ ಮೇಲಷ್ಟೇ ಬೀಳೋದಾದರೆ ಅದು ಶಾಂತಿ ಕಾಪಾಡೋ ಕಾನೂನು ಅಲ್ಲ, ದೊಣ್ಣೆ.

ಮೈಕು ಇಳಿಸು ಅಂತ ಅವನಿಗೆ ಹೇಳೋಣ, ಖಂಡಿತ ಹೇಳೋಣ. ಪೊಲೀಸರಿಗೆ ಫೋನ್ ಮಾಡೋಕೆ ಮುಂಚೆ ಗೇಟಿನ ಹತ್ತಿರ ನಿಂತು, ‘ಅಪ್ಪಾ, ಒಳಗೆ ಹಿರಿಯರು ಮಲಗಿದ್ದಾರೆ’ ಅಂತ ಹೇಳೋಣ. ಅವನ ಮನೆಯಲ್ಲೂ ಹಿರಿಯರಿದ್ದಾರೆ, ಅವನಿಗೆ ಅರ್ಥ ಆಗುತ್ತೆ. ಆದರೆ ಅದೇ ಮಾತನ್ನ ಪೆಂಡಾಲಿನವರಿಗೂ, ಪ್ರಚಾರದ ಆಟೋದವರಿಗೂ ಹೇಳೋ ಧೈರ್ಯ ನಮಗಿರಬೇಕು. ಆ ಧೈರ್ಯ ಇಲ್ಲದಿದ್ದರೆ, ಕರಗ್ತಿರೋ ಸರಕು ಹೊತ್ತು ಬಿಸಿಲಲ್ಲಿ ತಿರುಗೋ ಹುಡುಗನ ಮುಂದೆ ಮಾತ್ರ ನಿಶ್ಶಬ್ದದ ಪಾಠ ಮಾಡೋಕೆ ನಮಗೆ ಯಾವ ಮುಖ ಇದೆ, ನೀವೇ ಹೇಳಿ.