ನದಿ ದಂಡೆಯ ನಿವೇಶನ: ಮುಂಗಡ ಕೊಡುವ ಮುನ್ನ ನೀಲಿ ರೇಖೆ ನೋಡಿ

ಮುಂಬಯಿ, ಪುಣೆಗೆ ಬಂದು ಹೊಟೇಲು, ಕಾರ್ಖಾನೆ, ಕಚೇರಿಗಳಲ್ಲಿ ದುಡಿದ ಕನ್ನಡಿಗರ ಪಾಲಿಗೆ ಸ್ವಂತ ಮನೆ ಎಂಬುದು ಜೀವಮಾನದ ಕನಸು. ಭವಿಷ್ಯ ನಿಧಿ, ಮನೆಯಾಕೆಯ ಒಡವೆ, ಊರಿನ ಜಾಗ ಮಾರಿದ ಹಣ ಎಲ್ಲವೂ ಅದಕ್ಕೇ ಸೇರುತ್ತವೆ. ನಗರದೊಳಗಿನ ದರ ಕೈಗೆಟುಕದಿರುವಾಗ, ನದಿಯ ಪಕ್ಕದಲ್ಲೇ ಒಳ್ಳೆಯ ಗಾಳಿ ಬೆಳಕಿನ ಜಾಗ, ಗುಂಟೆಗೆ ಕಡಿಮೆ ದರ ಎಂಬ ದಲ್ಲಾಳಿಯ ಮಾತು ಸಹಜವಾಗಿಯೇ ಸೆಳೆಯುತ್ತದೆ. ದರ ಏಕೆ ಕಡಿಮೆ ಎಂದು ಕೇಳುವವರು ಮಾತ್ರ ವಿರಳ.

ಪುಣೆ ಸಮೀಪದ ಪಿಂಪ್ರಿ-ಚಿಂಚ್‌ವಾಡ್‌ನ ಚಿಖಲಿಯಲ್ಲಿ ನಡೆದ ಘಟನೆ ಇದಕ್ಕೆ ಉತ್ತರ ಹೇಳುತ್ತದೆ. ಇಂದ್ರಾಯಣಿ ನದಿಯ ದಂಡೆಯಲ್ಲಿ ಎದ್ದಿದ್ದ 36 ಬಂಗಲೆಗಳನ್ನು ಮಹಾನಗರ ಪಾಲಿಕೆಯು 2025ರ ಮೇ ತಿಂಗಳಲ್ಲಿ ನೆಲಸಮ ಮಾಡಿತು. ಅವು ನದಿಯ ನೀಲಿ ರೇಖೆಯ ಒಳಗಿವೆ ಎಂದು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2024ರಲ್ಲಿ ತೆರವಿಗೆ ಆದೇಶಿಸಿತ್ತು. ಸುಪ್ರೀಂ ಕೋರ್ಟಿನಲ್ಲೂ ಮಾಲೀಕರಿಗೆ ಪರಿಹಾರ ದೊರೆಯಲಿಲ್ಲ. ಮಳೆಗಾಲಕ್ಕೆ ಮುನ್ನವೇ ಬುಲ್‌ಡೋಜರ್ ಬಂತು.

ನೀಲಿ ರೇಖೆ, ಕೆಂಪು ರೇಖೆ

ಮಹಾರಾಷ್ಟ್ರದಲ್ಲಿ ನದಿಗಳ ಪ್ರವಾಹ ಮಟ್ಟವನ್ನು ಎರಡು ರೇಖೆಗಳಿಂದ ಗುರುತಿಸಲಾಗುತ್ತದೆ. ಸರಾಸರಿ 25 ವರ್ಷಗಳಿಗೊಮ್ಮೆ ಬರಬಹುದಾದ ನೆರೆ ಎಲ್ಲಿಯವರೆಗೆ ತಲಪುತ್ತದೋ ಅದು ನೀಲಿ ರೇಖೆ. 100 ವರ್ಷಗಳಿಗೊಮ್ಮೆ ಬರಬಹುದಾದ ಮಹಾಪೂರದ ಮಟ್ಟ ಕೆಂಪು ರೇಖೆ.

ನದಿಯಿಂದ ನೀಲಿ ರೇಖೆಯವರೆಗಿನ ಜಾಗ ನಿಷಿದ್ಧ ವಲಯ. ಅಲ್ಲಿ ಉದ್ಯಾನ, ಆಟದ ಮೈದಾನದಂತಹ ಬಯಲು ಬಳಕೆಗೆ ಮಾತ್ರ ಅವಕಾಶ, ಹೊಸ ಮನೆ ಕಟ್ಟುವಂತಿಲ್ಲ. ನೀಲಿ ಮತ್ತು ಕೆಂಪು ರೇಖೆಗಳ ನಡುವಿನದು ನಿರ್ಬಂಧಿತ ವಲಯ. ಅಲ್ಲಿ ಕಟ್ಟಬಹುದು, ಆದರೆ ಪ್ಲಿಂತ್ ಕೆಂಪು ರೇಖೆಯ ಮಟ್ಟಕ್ಕಿಂತ 0.45 ಮೀಟರ್, ಅಂದರೆ ಸುಮಾರು ಒಂದೂವರೆ ಅಡಿ ಎತ್ತರದಲ್ಲಿರಬೇಕು. ಮುಂಬಯಿ ಮಹಾನಗರ ಪಾಲಿಕೆಯನ್ನು ಬಿಟ್ಟು ರಾಜ್ಯದ ಹೆಚ್ಚಿನ ಪಟ್ಟಣಗಳಿಗೆ 2020ರಲ್ಲಿ ಬಂದ ಏಕೀಕೃತ ಕಟ್ಟಡ ನಿಯಮಾವಳಿಯಲ್ಲಿ ಇದನ್ನು ಸ್ಪಷ್ಟಪಡಿಸಲಾಗಿದೆ. ನೀಲಿ ರೇಖೆಯೊಳಗೆ ಮೊದಲೇ ಇರುವ ಅಧಿಕೃತ ಕಟ್ಟಡವನ್ನು ಪುನರ್ನಿರ್ಮಿಸಲು ಇದೇ ಎತ್ತರದ ಜತೆಗೆ ನೀರಾವರಿ ಇಲಾಖೆಯ ನಿರಾಕ್ಷೇಪಣಾ ಪತ್ರವೂ ಬೇಕು.

25 ವರ್ಷಕ್ಕೊಮ್ಮೆ ತಾನೇ ಎಂದು ಹಗುರವಾಗಿ ಕಾಣುವಂತಿಲ್ಲ. ಆ ನೆರೆ ಯಾವ ವರ್ಷವೂ ಬರಬಹುದು, ಸತತ ಎರಡು ವರ್ಷವೂ ಬರಬಹುದು. ಲೆಕ್ಕ ಹಾಕಿದರೆ, 20 ವರ್ಷಗಳ ಗೃಹಸಾಲ ತೀರುವುದರೊಳಗೆ ಒಮ್ಮೆಯಾದರೂ ನೀರು ನೀಲಿ ರೇಖೆಯನ್ನು ಮುಟ್ಟುವ ಸಾಧ್ಯತೆ ಶೇ. 56ರಷ್ಟು. ಕೆಂಪು ರೇಖೆಗೂ ಇದೇ ಅವಧಿಯಲ್ಲಿ ಶೇ. 18ರಷ್ಟು ಸಾಧ್ಯತೆಯಿದೆ. 2024ರ ಜುಲೈಯಲ್ಲಿ ಖಡಕ್‌ವಾಸ್ಲಾ ಅಣೆಕಟ್ಟೆಯಿಂದ ಮುಠಾ ನದಿಗೆ 35 ಸಾವಿರ ಕ್ಯುಸೆಕ್‌ಗೂ ಹೆಚ್ಚು ನೀರು ಬಿಟ್ಟಾಗ ಪುಣೆಯ ಸಿಂಹಗಡ್ ರಸ್ತೆಯ ಏಕತಾ ನಗರಿಯ ಸೊಸೈಟಿಗಳಿಗೆ ನೀರು ನುಗ್ಗಿದ್ದು ಇನ್ನೂ ಹಸಿಯಾದ ನೆನಪು.

ಕ್ರಯಪತ್ರ ಪರವಾನಿಗೆಯಲ್ಲ

ಕ್ರಯಪತ್ರ ನೋಂದಣಿಯಾಗಿದೆ, ಸಾತ್‌ಬಾರಾದಲ್ಲಿ ಹೆಸರಿದೆ, ವಿದ್ಯುತ್ ಬಂದಿದೆ, ಪಾಲಿಕೆಗೆ ತೆರಿಗೆಯನ್ನೂ ಕಟ್ಟುತ್ತಿದ್ದೇವೆ, ಇನ್ನೇನು ಭಯ ಎಂಬುದು ಹಲವರ ನಂಬಿಕೆ. ಇಲ್ಲಿಯೇ ಎಡವುವುದು. ಸಾತ್‌ಬಾರಾ ಎಂದರೆ ನಮ್ಮೂರಿನ ಪಹಣಿಯಂತೆ. ಜಾಗ ಯಾರದೆಂದು ಅದು ತಿಳಿಸುತ್ತದೆಯೇ ಹೊರತು ಅಲ್ಲಿ ಮನೆ ಕಟ್ಟಬಹುದೇ ಎಂಬುದನ್ನಲ್ಲ. ನೋಂದಣಿ ಕಚೇರಿಯ ಮೊಹರು ಕಟ್ಟಡದ ಪರವಾನಿಗೆಯಾಗುವುದಿಲ್ಲ. ಇನ್ನು ತೆರಿಗೆಯನ್ನು ಪಾಲಿಕೆಯು ಅನಧಿಕೃತ ಕಟ್ಟಡಕ್ಕೂ ವಿಧಿಸುತ್ತದೆ, ಅದಕ್ಕೆ ದಂಡವನ್ನೂ ಸೇರಿಸಬಹುದು. ತೆರಿಗೆ ಕಟ್ಟಿದ ಮಾತ್ರಕ್ಕೆ ಕಟ್ಟಡ ಸಕ್ರಮವಾಗದು.

ಸಾಲ ದೊರೆತರೂ ಅದೇ ಮಾತು. ಸಾಲಗಾರ ಸಹಿ ಹಾಕಿದ ಕರಾರು ಮನೆ ಉಳಿಯಲಿ, ಉರುಳಲಿ, ಜಾರಿಯಲ್ಲಿರುತ್ತದೆ. ಮನೆ ಹೋದ ಮೇಲೂ ತಿಂಗಳ ಕಂತು ತಪ್ಪುವುದಿಲ್ಲ.

ಮಣ್ಣು ತುಂಬಿಸಿ ಜಾಗವನ್ನು ಎತ್ತರಿಸಿದ್ದೇವೆ ಎಂದು ಮಾರುವವರೂ ಇದ್ದಾರೆ. ಹಾಗೆ ಭರಾವು ಹಾಕಿದರೆ ನದಿಯ ಜಾಗ ಕಿರಿದಾಗಿ ನೀರು ಎದುರಿನ ದಂಡೆಗೆ, ನೆರೆಮನೆಗೆ ನುಗ್ಗುತ್ತದೆ. ಮುಂಬಯಿಯಲ್ಲಿ 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ ಸುರಿದಾಗ ದಂಡೆಯುದ್ದಕ್ಕೂ ಒತ್ತುವರಿಯಾಗಿ ಇಕ್ಕಟ್ಟಾಗಿದ್ದ ಮೀಠಿ ನದಿಯು ಕುರ್ಲಾ, ಕಲೀನಾ ಪರಿಸರವನ್ನು ಮುಳುಗಿಸಿದ್ದನ್ನು ಅಂದು ಅಲ್ಲಿದ್ದವರು ಮರೆಯಲಾರರು.

ಏನು ಕೇಳಬೇಕು?

ಮುಂಗಡ ಕೊಡುವ ಮುನ್ನ ಜಾಗದ ಗಟ್ ನಂಬರ್ ಅಥವಾ ಸರ್ವೆ ನಂಬರನ್ನು ಪಡೆದು, ಪಾಲಿಕೆಯ ನಗರ ಯೋಜನಾ ವಿಭಾಗದಲ್ಲಿ ಝೋನ್ ದಾಖಲೆಗೆ ಅರ್ಜಿ ಕೊಡಬೇಕು. ವಿಕಾಸ ಯೋಜನೆಯ ನಕ್ಷೆಯಲ್ಲಿ ಆ ಜಾಗ ವಾಸದ ವಲಯದಲ್ಲಿದೆಯೇ, ಪ್ರವಾಹ ರೇಖೆ ಎಲ್ಲಿ ಹಾದುಹೋಗಿದೆ ಎಂದು ಬರಹದಲ್ಲೇ ಕೇಳಿ ಪಡೆಯುವುದು ಲೇಸು. ಸಿಗದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದ ಅರ್ಜಿ ಹಾಕಬಹುದು. ಕೃಷಿ ಜಾಗವಾದರೆ ಎನ್.ಎ. ಆಗಿದೆಯೇ ಎಂದು ನೋಡಬೇಕು. ಕಟ್ಟಡವಾದರೆ ಮಂಜೂರಾದ ನಕ್ಷೆ, ಕಾಮಗಾರಿ ಆರಂಭದ ಸಿ.ಸಿ. ಹಾಗೂ ವಾಸಯೋಗ್ಯವೆಂದು ಕೊಡುವ ಓ.ಸಿ. ಮೂರನ್ನೂ ಕೇಳಬೇಕು.

500 ಚದರ ಮೀಟರಿಗಿಂತ ದೊಡ್ಡ ಜಾಗದಲ್ಲಿ 8ಕ್ಕಿಂತ ಹೆಚ್ಚು ಫ್ಲ್ಯಾಟ್‌ಗಳಿರುವ ಯೋಜನೆಗೆ ಮಹಾರೇರಾ ನೋಂದಣಿ ಕಡ್ಡಾಯ. ಆದರೆ ನಂಬರ್ ತೋರಿಸಿದರೆಂದು ಸುಮ್ಮನಾಗಬಾರದು. ಡೊಂಬಿವಲಿಯಲ್ಲಿ 65 ಕಟ್ಟಡಗಳಿಗೆ ನಕಲಿ ಪರವಾನಿಗೆಯ ಆಧಾರದಲ್ಲಿ ರೇರಾ ನಂಬರ್ ಪಡೆದದ್ದು ಬೆಳಕಿಗೆ ಬಂದು, 2024ರಲ್ಲಿ ಬಾಂಬೆ ಹೈಕೋರ್ಟ್ ಅವುಗಳ ತೆರವಿಗೆ ಆದೇಶಿಸಿತು. ಆದ್ದರಿಂದ ಬಿಲ್ಡರ್ ಕೊಟ್ಟ ಝೆರಾಕ್ಸ್ ಪ್ರತಿಯನ್ನು ನಂಬದೆ, ಆ ಪರವಾನಿಗೆ ತಾವೇ ಕೊಟ್ಟದ್ದು ಹೌದೇ ಎಂದು ಪಾಲಿಕೆಯಲ್ಲೇ ಖಚಿತಪಡಿಸಿಕೊಳ್ಳಬೇಕು.

ಇದಕ್ಕೆ ಒಂದೆರಡು ತಿಂಗಳ ಓಡಾಟ ಬೇಕಾದೀತು. ನಾಳೆಯೊಳಗೆ ಟೋಕನ್ ಕೊಡದಿದ್ದರೆ ಜಾಗ ಬೇರೆಯವರ ಪಾಲಾಗುತ್ತದೆ ಎಂದು ಅವಸರಪಡಿಸುವವರಿಗೆ, ಹಾಗಾದರೆ ಆಗಲಿ ಎನ್ನುವ ಧೈರ್ಯವೂ ಬೇಕು. ಸಮ್ಮೇಳನ, ಸನ್ಮಾನಗಳನ್ನು ಸೊಗಸಾಗಿ ನಡೆಸುವ ನಮ್ಮ ಸಂಘ ಸಂಸ್ಥೆಗಳು ವರ್ಷಕ್ಕೊಮ್ಮೆ ಒಬ್ಬ ವಕೀಲರನ್ನೂ ಒಬ್ಬ ಇಂಜಿನಿಯರರನ್ನೂ ಕರೆಸಿ, ಮನೆ ಕೊಳ್ಳುವವರ ಕಾಗದಪತ್ರಗಳನ್ನು ನೋಡಿಸಿದರೆ ಅದೂ ದೊಡ್ಡ ಸಮಾಜಸೇವೆಯೇ.

ಇಂದ್ರಾಯಣಿಯ ನೀರು ಭೀಮೆಯನ್ನು ಸೇರಿ ಮುಂದೆ ನಮ್ಮ ವಿಜಯಪುರ, ಕಲಬುರಗಿಯ ಕಡೆಗೇ ಹರಿಯುತ್ತದೆ. ನದಿಗೆ ಅದರ ಜಾಗ ಬಿಟ್ಟುಕೊಟ್ಟು ದೂರದಲ್ಲಿ ಮನೆ ಕಟ್ಟಬೇಕೆಂಬುದು ಆ ದಂಡೆಯ ಹಳ್ಳಿಗರಿಗೆ ಹೊಸ ಮಾತೇನಲ್ಲ. ನಗರದಲ್ಲಿ ಆ ಮಾತು ನಕ್ಷೆಯ ಮೇಲೆ ನೀಲಿ ಗೆರೆಯಾಗಿದೆ. ಹಣ ಎಣಿಸುವ ಮುನ್ನ ಅದನ್ನೊಮ್ಮೆ ನೋಡಿಕೊಂಡರೆ ದುಡಿದ ಹಣವೂ ಉಳಿದೀತು, ಮನೆಯೂ ಉಳಿದೀತು.