ಟೀ ಅಂಗಡಿಯಲ್ಲಿ ಸಿಕ್ಸರ್ ಮೊದಲು ಯಾಕೆ ಬೀಳುತ್ತೆ?

ಭಾರತದ ಮ್ಯಾಚ್ ಇದ್ದ ದಿನ ನಮ್ಮ ಹಾಸ್ಟೆಲ್ ರೂಮಿನಲ್ಲಿ ಒಂದೇ ಲ್ಯಾಪ್‌ಟಾಪ್ ಮುಂದೆ ಎಂಟು ಜನ ಕೂತಿರ್ತೀವಿ. ಬೌಲರ್ ಇನ್ನೂ ಓಡಿ ಬರ್ತಾ ಇರ್ತಾನೆ, ಅಷ್ಟರಲ್ಲಿ ಎದುರಿನ ಟೀ ಅಂಗಡಿಯಿಂದ "ಹೋ!" ಅಂತ ಕೂಗು. ಅಲ್ಲಿರೋದು ಕೇಬಲ್ ಟಿವಿ. ಸುಮಾರು ಅರ್ಧ ನಿಮಿಷ ಆದಮೇಲೆ ನಮ್ಮ ಸ್ಕ್ರೀನಿನಲ್ಲಿ ಸಿಕ್ಸರ್! ಇಷ್ಟು ದಿನ ವೈಫೈಗೆ ಬೈಕೊಂಡು ಸುಮ್ಮನಾಗ್ತಿದ್ವಿ. ಈ ಸಲ ಕಾರಣ ಹುಡುಕಿ ಓದಿದ್ವಿ.

ಮೊದಲು ಕೇಬಲ್ ನೋಡೋಣ. ಚಾನೆಲ್‌ನವರು ಸಿಗ್ನಲ್ಲನ್ನು ಉಪಗ್ರಹಕ್ಕೆ ಕಳಿಸ್ತಾರೆ. ಅದು ಸುಮಾರು 36,000 ಕಿ.ಮೀ. ಎತ್ತರದಲ್ಲಿದೆ. ಹೋಗಿ ಬರೋಕೆ 72,000 ಕಿ.ಮೀ. ಆದರೂ, ಬೆಳಕಿನ ವೇಗದಲ್ಲಿ ಇದಕ್ಕೆ ಬೇಕಾಗೋದು ಕಾಲು ಸೆಕೆಂಡ್ ಅಷ್ಟೇ. ಕೇಬಲ್ ಆಪರೇಟರ್ ತನ್ನ ಡಿಶ್‌ನಲ್ಲಿ ಅದನ್ನು ಹಿಡಿದು, ತಂತಿಯ ಮೂಲಕ ಊರಿಗೆಲ್ಲ ಹಂಚುತ್ತಾನೆ. ಹತ್ತು ಮನೆ ನೋಡಲಿ, ಸಾವಿರ ಮನೆ ನೋಡಲಿ, ಹರಿಯೋ ಸಿಗ್ನಲ್ ಒಂದೇ. ಯಾರೂ ಕೇಳಬೇಕಾಗಿಲ್ಲ, ಅದು ಬರ್ತಾನೇ ಇರುತ್ತೆ.

ಸ್ಟ್ರೀಮಿಂಗ್‌ನಲ್ಲಿ ಹಾಗಲ್ಲ, ಇಲ್ಲಿ ಕೇಳಿದರೆ ಮಾತ್ರ ಸಿಗುತ್ತೆ. ವಿಡಿಯೋವನ್ನು ಕೆಲವೇ ಸೆಕೆಂಡುಗಳ ಚಿಕ್ಕ ಚಿಕ್ಕ ತುಂಡುಗಳಾಗಿ ಕತ್ತರಿಸಿ ಸರ್ವರಿನಲ್ಲಿ ಇಟ್ಟಿರ್ತಾರೆ. ನಮ್ಮ ಆ್ಯಪ್ "ಮುಂದಿನ ತುಂಡು ಕೊಡಿ" ಅಂತ ಪದೇಪದೇ ಕೇಳ್ತಾ ಇರುತ್ತೆ. ಪ್ರತಿ ತುಂಡಿಗೂ ಒಳ್ಳೆ ಕ್ವಾಲಿಟಿ, ಸಾಧಾರಣ, ಕಳಪೆ ಅಂತ ಹಲವು ಪ್ರತಿಗಳಿರುತ್ತವೆ. ನೆಟ್ ನಿಧಾನ ಆದರೆ ಆ್ಯಪ್ ಕಡಿಮೆ ಕ್ವಾಲಿಟಿಯ ತುಂಡನ್ನು ಕೇಳುತ್ತೆ. ಮಧ್ಯದಲ್ಲಿ ಚಿತ್ರ ಮಸುಕಾಗೋದು ಇದಕ್ಕೇ. ಆಟ ನಿಲ್ಲಬಾರದು ಅಂತ ಒಂದಷ್ಟು ತುಂಡುಗಳನ್ನು ಮುಂಚೆಯೇ ತಂದು ಬಫರಿನಲ್ಲಿ ಇಟ್ಟುಕೊಳ್ಳುತ್ತೆ. ತುಂಡು ಮಾಡಿ, ಕೇಳಿ, ತಂದು, ಕೂಡಿಡೋ ಹೊತ್ತಿಗೆ ಟೀ ಅಂಗಡಿಯವರು ಸಂಭ್ರಮ ಮುಗಿಸಿರ್ತಾರೆ!

ಪ್ರತಿಯೊಬ್ಬರಿಗೂ ಬೇರೆ ಬೇರೆ ಕಳಿಸೋದು ಸಣ್ಣ ಕೆಲಸ ಅಲ್ಲ. 2023ರ ನವೆಂಬರ್ 19ರ ವಿಶ್ವಕಪ್ ಫೈನಲ್ಲನ್ನು ಹಾಟ್‌ಸ್ಟಾರ್‌ನಲ್ಲಿ ಒಂದೇ ಸಮಯಕ್ಕೆ 5.9 ಕೋಟಿ ಜನ ನೋಡಿದ್ರು. ಅಷ್ಟೂ ಬೇಡಿಕೆಗೆ ಒಂದೇ ಕಡೆಯಿಂದ ಉತ್ತರ ಕೊಡೋಕೆ ಸಾಧ್ಯವಿಲ್ಲ. ಅದಕ್ಕೇ ತುಂಡುಗಳ ನಕಲನ್ನು ಬೇರೆ ಬೇರೆ ಊರುಗಳ ಸರ್ವರುಗಳಲ್ಲಿ, ನೋಡುಗರಿಗೆ ಹತ್ತಿರದಲ್ಲೇ ಇಡ್ತಾರೆ. ಇದನ್ನೇ ಸಿಡಿಎನ್ ಅನ್ನೋದು.

ಈಗ ನಮ್ಮ ಜೇಬಿನ ಲೆಕ್ಕ. ಒಳ್ಳೆ ಕ್ವಾಲಿಟಿ ವಿಡಿಯೋಗೆ ಸೆಕೆಂಡಿಗೆ 5 ಮೆಗಾಬಿಟ್ ಬೇಕು ಅಂತ ಇಟ್ಕೊಳ್ಳಿ. ಗಂಟೆಗೆ 2.25 ಜಿಬಿ ಆಯ್ತು. ದಿನಕ್ಕೆ 1.5 ಜಿಬಿ ಪ್ಯಾಕ್ ಹಾಕ್ಸಿದ್ರೆ ನಲವತ್ತೇ ನಿಮಿಷಕ್ಕೆ ಖಾಲಿ! ಹಾಗಾಗಿ ಡೇಟಾ ದುಬಾರಿಯಾಗಿದ್ದಾಗ ಇದೆಲ್ಲ ಕನಸು. ಹಾಟ್‌ಸ್ಟಾರ್ 2015ರಲ್ಲಿ ಶುರುವಾಯ್ತು, ನೆಟ್‌ಫ್ಲಿಕ್ಸ್ 2016ರ ಜನವರಿಯಲ್ಲಿ ಭಾರತಕ್ಕೆ ಬಂತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಮೊಬೈಲೇ ಟಿವಿ ಆಯ್ತು. 2020ರ ಲಾಕ್‌ಡೌನ್ ಸಮಯದಲ್ಲಿ 'ಲಾ', 'ಫ್ರೆಂಚ್ ಬಿರಿಯಾನಿ' ಥರದ ಕನ್ನಡ ಸಿನಿಮಾಗಳು ಥಿಯೇಟರಿಗೆ ಬರದೆ ನೇರವಾಗಿ ಪ್ರೈಮ್ ವಿಡಿಯೋದಲ್ಲೇ ಬಿಡುಗಡೆಯಾದವು.

ಇದನ್ನೆಲ್ಲ ನೋಡಿ ನಾವೂ ರಜೆಗೆ ಊರಿಗೆ ಹೋದಾಗ ಜೋರಾಗಿ ಭಾಷಣ ಮಾಡಿದ್ವಿ. "ನೋಡದ ಚಾನೆಲ್‌ಗೆಲ್ಲ ಯಾಕಪ್ಪ ದುಡ್ಡು ಕೊಡೋದು? ಕೇಬಲ್ ತೆಗೆಸಿಬಿಡಿ" ಅಂದ್ವಿ. ಅಪ್ಪ ತೆಗೆಸಿದ್ರು. ಮುಂದಿನ ರಜೆಗೆ ಹೋದಾಗ, ಸಂಜೆ ಧಾರಾವಾಹಿ ಹೊತ್ತಿಗೆ ಅಜ್ಜಿ ಟಿವಿ ಮುಂದೆ ಇರಲಿಲ್ಲ, ಜಗಲಿ ಮೇಲೆ ಸುಮ್ಮನೆ ಕೂತಿದ್ರು. ಯಾಕಜ್ಜಿ ಅಂದ್ರೆ, "ಮೊದಲು ಒಂದು ನಂಬರ್ ಒತ್ತಿದ್ರೆ ಅದೇ ತೋರಿಸ್ತಿತ್ತು ಮಗಾ. ಈಗ ಯಾರು ನೋಡ್ತಿದ್ದೀರಾ, ಏನ್ ನೋಡ್ತೀರಾ ಅಂತ ನನ್ನನ್ನೇ ಕೇಳುತ್ತೆ. ದಿನಾ ನಿಮ್ಮಪ್ಪನ್ನ ಕರೆಯೋಕೆ ಬೇಜಾರು" ಅಂದ್ರು.

ಅವತ್ತು ನಮ್ಮ ಮುಖ ನೋಡಬೇಕಿತ್ತು. ಕೇಳಿದರೆ ಮಾತ್ರ ಸಿಗೋ ವ್ಯವಸ್ಥೆಯಲ್ಲಿ, ಕೇಳೋದು ಹೇಗೆ ಅಂತ ಗೊತ್ತಿಲ್ಲದವರು ಹೊರಗೇ ಉಳೀತಾರೆ. ನಮಗೆ ಅನುಕೂಲ ಅನ್ನಿಸಿದ ಆಯ್ಕೆಯೇ ಅಜ್ಜಿಗೆ ಅಡ್ಡಿಯಾಗಿತ್ತು.

ಮಾರನೇ ದಿನವೇ ಕೇಬಲ್ ಅಣ್ಣನಿಗೆ ಫೋನ್ ಮಾಡಿದ್ವಿ. ಈಗ ಅವರೇ ಫೈಬರ್ ಇಂಟರ್ನೆಟ್ಟೂ ಕೊಡ್ತಾರಂತೆ! ನಮ್ಮನೇಲಿ ಈಗ ಎರಡೂ ಇದೆ. ನಿಮ್ಮ ಮನೆಯಲ್ಲೂ ಕೇಬಲ್ ತೆಗೆಸೋ ಯೋಚನೆ ಇದ್ದರೆ ಖಂಡಿತ ತೆಗೆಸಿ. ಆದರೆ ರಿಮೋಟ್ ಹೆಚ್ಚು ಹೊತ್ತು ಯಾರ ಕೈಯಲ್ಲಿರುತ್ತೋ, ಮೊದಲು ಅವರನ್ನ ಒಂದು ಮಾತು ಕೇಳಿ.